ಅವ್ವನ ಬಲಗೈಯ ಕಿರುಬೆರಳು

ಮೊದಲು ಸೊಟ್ಟಗಾದದ್ದು ನನ್ನ ಹೆಸರು.

ನಮ್ಮವ್ವನಿಗೆ ಕಿವಿ ಕೇಳುವುದಿಲ್ಲ, ಮಾತು ಬರುವುದಿಲ್ಲ. ಮಗುವಾಗಿದ್ದಾಗ ಬಂದ ಜ್ವರ ಎರಡನ್ನೂ ಒಯ್ದಿತಂತೆ. ಶಾಲೆ ಕಂಡವಳಲ್ಲ, ಹಾಗಾಗಿ ಕಿವುಡರ ಶಾಲೆಯಲ್ಲಿ ಕಲಿಸುವ ಕೈಭಾಷೆಯೂ ಗೊತ್ತಿಲ್ಲ. ಅವಳು ಮಾತಾಡುವುದು ತಾನೇ ಕಟ್ಟಿಕೊಂಡ, ನಮ್ಮ ಮನೆಯವರಿಗಷ್ಟೇ ತಿಳಿಯುವ ಸನ್ನೆಗಳಲ್ಲಿ. ಬಲಗೈಯ ಹೆಬ್ಬೆರಳು ಎತ್ತಿದರೆ ಅಪ್ಪ. ತೋರುಬೆರಳು ಎತ್ತಿದರೆ ನಮ್ಮಣ್ಣ ಮಲ್ಲೇಶಿ. ಕಿರುಬೆರಳು ಎತ್ತಿದರೆ ನಾನು. ರೇಣುಕಾ ಎನ್ನುವ ಹೆಸರು ಊರಿನವರಿಗೆ, ಆಫೀಸಿನವರಿಗೆ. ಚಿಕ್ಕವಳಿದ್ದಾಗ ಮುನ್ಸಿಪಾಲಿಟಿ ಕನ್ನಡ ಶಾಲೆಯ ಗೇಟಿನ ಹೊರಗೆ ನಿಂತು ಅವ್ವ ಕಿರುಬೆರಳು ಎತ್ತಿದರೆ ಗೆಳತಿಯರು ಬಿದ್ದು ಬಿದ್ದು ನಗುತ್ತಿದ್ದರು. ಶಾಲೆಯಲ್ಲಿ ಆ ಬೆರಳು ಎತ್ತುವುದು ಒಂದಕ್ಕೆ ಹೋಗುವುದಕ್ಕೆ ತಾನೇ. ನಿಮ್ಮವ್ವನಿಗೆ ಅವಸರವಾಗಿದೆ, ಬೇಗ ಹೋಗು ಎಂದು ಕಾಡುತ್ತಿದ್ದರು. ಆಗೆಲ್ಲ ಅಳು ಬರುತ್ತಿತ್ತು. ದೊಡ್ಡವಳಾದ ಮೇಲೆ ನಾನೂ ಅವರ ಜೊತೆ ನಗಲು ಕಲಿತೆ.

ಅವಳ ಭಾಷೆಗೆ ಇನ್ನೊಂದು ಕಟ್ಟಳೆಯಿತ್ತು. ಬಲಗೈ ಇದ್ದವರಿಗೆ, ಎಡಗೈ ಹೋದವರಿಗೆ. ಅದನ್ನು ಯಾರೂ ಅವಳಿಗೆ ಹೇಳಿಕೊಟ್ಟದ್ದಲ್ಲ. ಅಪ್ಪ ತೀರಿಕೊಂಡು ದಿವಸದ ಊಟ ಮುಗಿದು ನೆಂಟರೆಲ್ಲ ಎದ್ದು ಹೋದ ಮೇಲೆ, ಅಪ್ಪ ಕೂರುತ್ತಿದ್ದ ಜಾಗ ನೋಡಿ ಅವ್ವ ಎಡಗೈಯ ಹೆಬ್ಬೆರಳು ಎತ್ತಿದಳು. ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದಳು. ಅಂದಿನಿಂದ ಅಪ್ಪ ಎಡಗೈಯಲ್ಲಿದ್ದಾನೆ. ಅವಳ ತಂದೆ ತಾಯಿಯೂ ಅಲ್ಲೇ ಇದ್ದಾರೆ.

ಘಾಟ್ಕೋಪರಿನ ಗುಡ್ಡದ ಮೇಲೆ ನಮ್ಮ ಒಂದೇ ಕೋಣೆಯ ಖೋಲಿ. ಕೆಳಗಿನ ರಸ್ತೆಯಿಂದ ಇಕ್ಕಟ್ಟಾದ ಮೆಟ್ಟಿಲುಗಳನ್ನು ಹತ್ತಿ ಹೋಗಬೇಕು. ನನ್ನ ಮದುವೆ ಉಳಿಯಲಿಲ್ಲ, ಮಲ್ಲೇಶಣ್ಣ ಹೆಂಡತಿ ಮಕ್ಕಳೊಂದಿಗೆ ಕಲ್ಯಾಣದಲ್ಲಿದ್ದಾನೆ, ಹೀಗಾಗಿ ಖೋಲಿಯಲ್ಲಿ ನಾವಿಬ್ಬರೇ. ನಾನು ಸಾಂತಾಕ್ರೂಜಿನ ಒಂದು ಹೋಟೆಲಿನಲ್ಲಿ ಹೌಸ್‌ಕೀಪಿಂಗ್ ಸೂಪರ್‌ವೈಸರ್. ಸಂಜೆ ಲೋಕಲ್ಲು, ಮೆಟ್ರೊ ಎಲ್ಲ ಮುಗಿಸಿ ಮೆಟ್ಟಿಲ ಬುಡದಲ್ಲಿ ನಿಂತು ತಲೆ ಎತ್ತಿದರೆ ಮೇಲೆ ಬಾಗಿಲಲ್ಲಿ ಅವ್ವ ನಿಂತಿರುತ್ತಿದ್ದಳು. ರಿಕ್ಷಾಗಳ ಹಾರ್ನು, ನಲ್ಲಿಯ ಜಗಳ, ಯಾರದೋ ಮದುವೆಯ ಸ್ಪೀಕರು. ಬೇರೆ ತಾಯಂದಿರು ಗಂಟಲು ಹರಿದುಕೊಂಡು ಮಕ್ಕಳನ್ನು ಕೂಗುತ್ತಿದ್ದರು, ಯಾವ ಮಗುವಿಗೂ ಕೇಳುತ್ತಿರಲಿಲ್ಲ. ನಮ್ಮವ್ವ ಒಂದು ಬೆರಳು ಎತ್ತುತ್ತಿದ್ದಳು. ನನಗೆ ಅಷ್ಟು ದೂರದಿಂದ ಸ್ಪಷ್ಟವಾಗಿ ಕೇಳುತ್ತಿತ್ತು.

ಎರಡು ವರ್ಷದ ಹಿಂದೆ ಒಂದು ಸಂಜೆ ಆ ಬೆರಳು ನೆಟ್ಟಗಿರಲಿಲ್ಲ. ಅರ್ಧ ಎದ್ದು ಕೊಕ್ಕೆಯ ಹಾಗೆ ಬಾಗಿತ್ತು. ನಾನು ಮೇಲೆ ಹೋಗಿ, ನನ್ನ ಬೆನ್ನು ಬಗ್ಗಿದೆಯಾ, ಅಷ್ಟು ಮುದುಕಿಯಾದೆನಾ ಎಂದು ಸನ್ನೆ ಮಾಡಿ ತಮಾಷೆ ಮಾಡಿದೆ. ಅವ್ವ ನಕ್ಕಳು. ಅಂಗೈ ಚಾಚಿ ತೋರಿಸಿದಳು. ಉಂಗುರದ ಬೆರಳಿನ ಕೆಳಗೆ ಒಂದು ಗಟ್ಟಿ ಗಂಟು. ಅಲ್ಲಿಂದ ಕಿರುಬೆರಳಿನ ಕಡೆಗೆ ಚರ್ಮದಡಿಯಲ್ಲಿ ಹುರಿಯಂಥ ಒಂದು ಎಳೆ. ಮುಟ್ಟಿದರೆ ನೋವಿಲ್ಲ ಎಂದು ತಲೆಯಾಡಿಸಿದಳು.

ಜಡ್ಡು ಎಂದುಕೊಂಡೆವು. ಪವಾಯಿಯಲ್ಲಿ ದೊಡ್ಡ ದೊಡ್ಡ ಬಿಲ್ಡಿಂಗುಗಳು ಏಳುವಾಗ ಅಪ್ಪನೂ ಅವ್ವನೂ ಅಲ್ಲಿ ಕೂಲಿ ಮಾಡಿದವರು. ಅವ್ವ ಸಿಮೆಂಟು ಹೊತ್ತವಳು, ಕಬ್ಬಿಣದ ಸರಳು ಎಳೆದವಳು. ಅಂಥ ಕೈಯಲ್ಲಿ ಜಡ್ಡು ಇರದೆ ಇನ್ನೇನಿರುತ್ತದೆ. ಬಿಸಿ ಎಣ್ಣೆ ಹಚ್ಚಿ ತಿಕ್ಕಿದೆವು. ಬೆರಳು ಇನ್ನಷ್ಟು ಬಾಗಿತು. ಆಗ ಮಲ್ಲೇಶಣ್ಣ ವೈದ್ಯಕ್ಕೆ ಇಳಿದ. ಅವನು ಪ್ಲಂಬರ್. ಒಂದು ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ, ಅಂಚು ಉಜ್ಜಿ ನುಣುಪು ಮಾಡಿ, ಒಳಗೆ ಹತ್ತಿ ಅಂಟಿಸಿ ತಂದ. ಬೆರಳನ್ನು ಅದರಲ್ಲಿ ಎಳೆದು ಕೂರಿಸಿ ಬಟ್ಟೆಯಿಂದ ಬಿಗಿದ. ಹೆಮ್ಮೆಯಿಂದ ಬೀಗುತ್ತಿದ್ದ.

ಅವ್ವ ಅದನ್ನು ತಿಂಗಳುಗಟ್ಟಲೆ ಕಟ್ಟಿಕೊಂಡಳು. ಮಗ ಮಾಡಿದ್ದಲ್ಲವೇ. ನನ್ನನ್ನು ಬೈಯಬೇಕಾದಾಗ ಮಾತ್ರ ಹಲ್ಲಿನಿಂದ ಬಟ್ಟೆ ಬಿಚ್ಚಿ, ಪೈಪು ಪಕ್ಕಕ್ಕಿಟ್ಟು, ಮನಸ್ಸು ತುಂಬ ಬೈದು, ಮತ್ತೆ ಕಟ್ಟಿಕೊಳ್ಳುತ್ತಿದ್ದಳು.

ಬರಬರುತ್ತಾ ಉಂಗುರದ ಬೆರಳೂ ಒಳಗೆ ಬಂತು. ಅಂಗೈ ಪೂರ್ತಿ ಬಿಚ್ಚುತ್ತಿರಲಿಲ್ಲ. ಅವಳ ಸನ್ನೆಗಳೆಲ್ಲ ತೊದಲತೊಡಗಿದವು. ಸಾಕು ಎನ್ನಲು ಅಂಗೈ ಅಗಲಿಸಿ ಅಡ್ಡ ಹಿಡಿಯುತ್ತಿದ್ದಳು, ಈಗ ಅದು ಕೈಯೊಡ್ಡಿ ಬೇಡಿದ ಹಾಗೆ ಕಾಣುತ್ತಿತ್ತು. ಕಲ್ಯಾಣಕ್ಕೆ ಹೋದಾಗ ಅತ್ತಿಗೆ ಮತ್ತೊಂದು ಸೌಟು ಅನ್ನ ಬಡಿಸಿಬಿಟ್ಟಳು. ಅವ್ವ ಏನೂ ಹೇಳದೆ ಎಲ್ಲ ಉಂಡಳು. ಅವಳು ಹಾಗೆ ಸುಮ್ಮನಿರುವುದನ್ನು ನಾನು ನೋಡಿದ್ದೇ ಇಲ್ಲ. ಮರುದಿನವೇ ರಜೆ ಹಾಕಿ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಹ್ಯಾಂಡ್ ಸರ್ಜನ್ ಮರಾಠಿಯವರು. ಅಂಗೈಯನ್ನು ಮೇಜಿನ ಮೇಲೆ ಮಟ್ಟಸವಾಗಿ ಇಡಲು ಹೇಳಿದರು. ಅವ್ವನ ಕೈ ಆಮೆಯ ಹಾಗೆ ಉಬ್ಬಿ ಕೂತಿತು. ಡಾಕ್ಟರು ತಮ್ಮ ಪೆನ್ನನ್ನು ಅದರಡಿಯಲ್ಲಿ ಆ ಕಡೆಯಿಂದ ಈ ಕಡೆಗೆ ಉರುಳಿಸಿದರು. ಡುಪ್ಯುಟ್ರನ್ಸ್ ಕಾಂಟ್ರಾಕ್ಚರ್ ಎಂದರು. ನನಗೆ ಆ ಹೆಸರು ಬಾಯಿಗೆ ಹತ್ತಲು ವಾರ ಬೇಕಾಯಿತು.

ಅವರು ಹಿಂದಿಯಲ್ಲಿ ವಿವರಿಸಿದ್ದನ್ನು ನನಗೆ ತಿಳಿದ ಹಾಗೆ ಬರೆಯುತ್ತೇನೆ. ಮೈಗೆ ಗಾಯವಾದರೆ ಕೆಲವು ಕಣಗಳು ಅದನ್ನು ಮುಚ್ಚುವ ಕೆಲಸಕ್ಕೆ ಇಳಿಯುತ್ತವೆ. ಅವಕ್ಕೆ ಮಯೋಫೈಬ್ರೊಬ್ಲಾಸ್ಟ್ ಎಂದು ಹೆಸರು. ಕೊಲಾಜನ್ ಎಂಬ ನಾರು ನೇಯ್ದು, ಗಾಯದ ಎರಡೂ ಅಂಚು ಹಿಡಿದು ಎಳೆದು ಕೂಡಿಸುತ್ತವೆ. ಕೆಲಸ ಮುಗಿದ ಮೇಲೆ ಅವು ಸಾಯಬೇಕು, ಸಾಯುತ್ತವೆ. ಅವ್ವನ ಅಂಗೈಯಲ್ಲಿ ಗಾಯವೇ ಕಾಣಲಿಲ್ಲ, ಆದರೂ ಅವು ಎದ್ದವು, ಮತ್ತೆ ಹೋಗಲಿಲ್ಲ. ಟಿಜಿಎಫ್-ಬೀಟಾ ಎಂಬ ಒಂದು ಸಂದೇಶ ಅವಕ್ಕೆ ಇನ್ನೂ ಕೆಲಸವಿದೆ, ಇನ್ನೂ ನೇಯಿ, ಇನ್ನೂ ಎಳೆ ಎನ್ನುತ್ತಲೇ ಇರುತ್ತದೆ. ಅವು ಎಳೆದಾಗ ನಾರು ಬಿಗಿಯುತ್ತದೆ. ಆ ಬಿಗಿತವೇ ಅವುಗಳಿಗೆ ಮತ್ತೆ ಹುರುಪು ಕೊಡುತ್ತದೆ.

ನಾನು ಮಲ್ಲೇಶಣ್ಣನ ಪೈಪಿನ ವಿಷಯ ಹೇಳಿದೆ. ಡಾಕ್ಟರು ನಗಲಿಲ್ಲ. ಎಳೆದು ಕಟ್ಟಿದ್ದರಿಂದ ಒಳ್ಳೆಯದಂತೂ ಆಗಿರಲಾರದು, ಎಳೆದಷ್ಟೂ ಅವು ತಿರುಗಿ ಎಳೆಯುತ್ತವೆ ಎಂದರು. ಕೂಲಿಯಿಂದ ಬಂತಾ ಎಂದು ಕೇಳಿದೆ. ಹಾಗೆಂದು ಖಚಿತವಾಗಿ ಹೇಳಲಾಗದು, ಅವ್ವನಿಗೆ ಶುಗರ್ ಇರುವುದೂ ಒಂದು ಕಾರಣವಿರಬಹುದು, ಕೆಲವು ಮನೆತನಗಳಲ್ಲಿ ರಕ್ತದಲ್ಲೇ ಬರುತ್ತದೆ ಎಂದರು. ಹಾಗೆಂದು ನನ್ನ ಎರಡೂ ಅಂಗೈ ತಿರುಗಿಸಿ ನೋಡಿದರು. ಈಗ ಏನಿಲ್ಲ ಎಂದರು. ಆ ‘ಈಗ’ ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಆಪರೇಶನ್ ಮಾಡಬಹುದು. ಉಂಗುರದ ಬೆರಳಿಗೆ ಭಯವಿಲ್ಲ. ಕಿರುಬೆರಳಿನ ಕೀಲು ಬಹಳ ದಿನದಿಂದ ಮಡಚಿದೆ, ಅದರ ರಕ್ತನಾಳವೂ ಮಡಚಿದಲ್ಲೇ ಗಿಡ್ಡಗಾಗಿರುತ್ತದೆ, ನೆಟ್ಟಗೆ ಮಾಡಿದರೆ ತಾಳದೆ ಇರಬಹುದು. ಅದನ್ನು ಹಾಗೇ ಬಿಟ್ಟು ಇನ್ನೊಂದನ್ನಷ್ಟೇ ಸರಿ ಮಾಡೋಣವೇ ಎಂದು ಕೇಳಿದರು. ನಾನು ಎಲ್ಲವನ್ನೂ ಅವ್ವನಿಗೆ ಸನ್ನೆಯಲ್ಲಿ ತಿಳಿಸಿದೆ. ಬೆರಳು ಹೋಗಲೂಬಹುದು ಎಂದು ಸಹ ಮುಚ್ಚಿಡದೆ ತಿಳಿಸಿದೆ.

ಅವ್ವ ಡಾಕ್ಟರ ಕಡೆಗೆ ತಿರುಗಿದಳು. ಬಾಗಿದ ಕಿರುಬೆರಳನ್ನು ಎಡಗೈಯಿಂದ ಹಿಡಿದು ಮೇಲಕ್ಕೆ ಎತ್ತಲು ನೋಡಿದಳು. ಅದು ಬರಲಿಲ್ಲ. ಮತ್ತೆ ಎತ್ತಿದಳು. ಇದನ್ನೇ ಮಾಡು ಎಂದು ಅವರ ಎದೆಯ ಕಡೆಗೆ ತೋರಿಸಿದಳು.

ಏನು ಹೇಳುತ್ತಿದ್ದಾರೆ ಎಂದು ಡಾಕ್ಟರು ಕೇಳಿದರು.

“ವೋ ಮೇರಾ ನಾಮ್ ಹೈ,” ಎಂದೆ.

ಪ್ರಯತ್ನ ಮಾಡೋಣ ಎಂದರು ಅವರು.

ಆಪರೇಶನ್ನಿನ ದಿನ ಬೆಳಿಗ್ಗೆ ಅಕ್ಷತಾ ಎಂಬ ಹುಡುಗಿ ಬಂದಳು. ಪವಾಯಿಯ ಒಂದು ಲ್ಯಾಬಿನಲ್ಲಿ ಇದೇ ಕಾಯಿಲೆಯ ಮೇಲೆ ಸಂಶೋಧನೆ ಮಾಡುತ್ತಿದ್ದಾಳೆ. ಉಡುಪಿ ಕಡೆಯವರ ಮಗಳು, ಹುಟ್ಟಿ ಬೆಳೆದದ್ದು ಇಲ್ಲೇ. “ನನ್ನ ಕನ್ನಡ ಥೋಡಾ ಟೂಟಾ-ಫೂಟಾ, ಆಂಟಿ,” ಎಂದು ಮೊದಲೇ ಹೇಳಿಬಿಟ್ಟಳು. ಕತ್ತರಿಸಿ ತೆಗೆಯುವ ಗಂಟನ್ನು ಕಸಕ್ಕೆ ಹಾಕುವ ಬದಲು ಅವಳಿಗೆ ಕೊಡಬಹುದೇ ಎಂದು ಕೇಳಿದಳು. ಅವ್ವನಿಗೆ ಇದು ಬಹಳ ವಿಚಿತ್ರವಾಗಿ ಕಂಡಿತು. ಆ ಹೊಲಸು ತಗೊಂಡು ಈ ಚಂದದ ಹುಡುಗಿ ಏನು ಮಾಡುತ್ತಾಳೆ ಎಂದು ಮೂಗು ಸಿಂಡರಿಸಿ, ಆಮೇಲೆ ತಗೋ ತಗೋ ಎಂದು ಕೈಯಾಡಿಸಿದಳು. ಹಾಗೆ ನಗುತ್ತಲೇ ಥಿಯೇಟರಿಗೆ ಹೋದಳು.

ಆಪರೇಶನ್ ಚೆನ್ನಾಗಿ ಆಯಿತು ಎಂದು ಡಾಕ್ಟರು ಹೊರಗೆ ಬಂದು ಹೇಳಿದರು. ಮೊಬೈಲಿನಲ್ಲಿ ಫೋಟೊ ತೋರಿಸಿದರು. ಎರಡೂ ಬೆರಳು ನೆಟ್ಟಗಿದ್ದವು. ನಾನು ಆ ಫೋಟೊದಲ್ಲಿ ನನ್ನ ಹೆಸರು ನೋಡಿ ಅತ್ತೆ.

ರಿಕವರಿ ರೂಮಿಗೆ ಮನೆಯವರನ್ನು ಬಿಡುವುದಿಲ್ಲ. ಪೇಶಂಟಿಗೆ ಕಿವಿ ಕೇಳುವುದಿಲ್ಲ, ಮಾತು ಬರುವುದಿಲ್ಲ ಎಂದು ನಾನು ಸಿಸ್ಟರಿಗೆ ಹೇಳಿದ್ದೆ. ಅವರು ಅದನ್ನು ಕೇಸ್ ಪೇಪರಿನ ಮೇಲೆ ಬರೆದೂ ಇದ್ದರು. ಬಲಗೈಗೆ ಬೆರಳ ತುದಿಯವರೆಗೂ ಬ್ಯಾಂಡೇಜು ಸುತ್ತಿ ಪ್ಲಾಸ್ಟರಿನ ಸ್ಲ್ಯಾಬು ಕಟ್ಟಿದ್ದರು. ಎಡಗೈಗೆ ಸಲೈನು, ಸೂಜಿ ಅಲುಗದಿರಲೆಂದು ಅದನ್ನೂ ಒಂದು ಹಲಗೆಗೆ ಕಟ್ಟಿದ್ದರು. ಅದು ಎಲ್ಲ ಪೇಶಂಟುಗಳಿಗೂ ಮಾಡುವುದೇ. ಕೈಯೇ ಬಾಯಿಯಾದವಳ ಎರಡೂ ಕೈ ಕಟ್ಟಿದ್ದೇವೆ ಎಂದು ಆ ರೂಮಿನಲ್ಲಿ ಯಾರಿಗೂ ಹೊಳೆಯಲಿಲ್ಲ.

ಅವ್ವ ಕಾಲು ಬಡಿದಳಂತೆ. ತಲೆ ಅಲ್ಲಾಡಿಸಿದಳಂತೆ. ಅನಸ್ತೇಶಿಯಾ ಇಳಿಯುವಾಗ ಕೆಲವರು ಹಾಗೆ ಮಾಡುತ್ತಾರೆಂದು ನಿದ್ದೆಯ ಇಂಜೆಕ್ಷನ್ ಕೊಟ್ಟರು.

ಸಂಜೆ ನನ್ನನ್ನು ಒಳಗೆ ಬಿಟ್ಟಾಗ ಅವಳಿಗೆ ಎಚ್ಚರವಿತ್ತು. ನನ್ನನ್ನು ನೋಡಿದಳು, ಬ್ಯಾಂಡೇಜನ್ನು ನೋಡಿದಳು, ಮತ್ತೆ ನನ್ನನ್ನು ನೋಡಿದಳು. ಆ ಕಣ್ಣು ನೋಡಿಯೇ ನಾನು ಸಿಸ್ಟರನ್ನು ಕೂಗಿದೆ. ಡಾಕ್ಟರು ಓಡಿ ಬಂದು ಬ್ಯಾಂಡೇಜು ಬಿಚ್ಚಿಸಿದರು.

ಕಿರುಬೆರಳು ಸುಣ್ಣದಷ್ಟು ಬೆಳ್ಳಗಿತ್ತು.

ತಕ್ಷಣ ಅದನ್ನು ಮತ್ತೆ ಮಡಚಿದರು. ಬಿಸಿ ಕೊಟ್ಟರು, ಇಂಜೆಕ್ಷನ್ ಕೊಟ್ಟರು. ಸ್ವಲ್ಪ ಬಣ್ಣ ಬಂತು, ಹೋಯಿತು, ಮತ್ತೆ ಬಂತು. ಕೆಲವು ದಿನ ನಾವು ಆ ಉಗುರನ್ನೇ ನೋಡುತ್ತಾ ಕೂತೆವು. ಉಂಗುರದ ಬೆರಳು ಪಕ್ಕದಲ್ಲೇ ಗುಲಾಬಿ ಬಣ್ಣಕ್ಕೆ ತಿರುಗಿ ನೆಟ್ಟಗೆ ನಿಂತಿತ್ತು. ಆಮೇಲೆ ಕಿರುಬೆರಳಿನ ತುದಿ ಕಪ್ಪಾಯಿತು. ಆ ಕಪ್ಪು ಕೆಳಗಿಳಿಯಿತು. ಬುಡದಿಂದ ತೆಗೆಯಬೇಕಾಯಿತು.

ಮೊದಲೇ ಬಿಚ್ಚಿದ್ದರೆ ಉಳಿಯುತ್ತಿತ್ತಾ ಎಂದು ಡಾಕ್ಟರನ್ನು ಕೇಳಿದೆ. ಅವರು ಮುಖ ತಪ್ಪಿಸಲಿಲ್ಲ. ಉಳಿಯುತ್ತಿತ್ತೇನೋ, ರಕ್ತನಾಳದ ಸ್ಥಿತಿ ನೋಡಿದರೆ ಉಳಿಯದೆಯೂ ಇರಬಹುದಿತ್ತು, ಆದರೆ ಆ ಕೈಯನ್ನು ಹಾಗೆ ಮುಚ್ಚಬಾರದಿತ್ತು ಎಂದರು. ನನಗೆ ಸಿಟ್ಟು ಬಂತು. ಇಂದಿಗೂ ಬರುತ್ತದೆ. ಸಿಟ್ಟಿಗಿಂತ ಹೆಚ್ಚಾಗಿ, ಅವ್ವ ಆ ರೂಮಿನಲ್ಲಿ ಕಾಲು ಬಡಿಯುತ್ತಾ ಯಾರನ್ನು ಕರೆಯಲು ನೋಡುತ್ತಿದ್ದಳು ಎಂಬುದು ನನಗೆ ಗೊತ್ತು. ಆ ಒಂದು ವಿಷಯ ನೆನೆದರೆ ಊಟ ಸೇರುವುದಿಲ್ಲ.

ಮನೆಗೆ ಬಂದ ಮೇಲೆ ಮಲ್ಲೇಶಣ್ಣ ಬಂದ. ಅವ್ವ ನನ್ನನ್ನು ಕರೆಯುವುದನ್ನೇ ಬಿಟ್ಟಿದ್ದಳು. ಏನಾದರೂ ಬೇಕಾದರೆ ದುಪ್ಪಟ್ಟಾ ಎಳೆಯುತ್ತಿದ್ದಳು, ಇಲ್ಲವೇ ಪಾತ್ರೆ ಬಡಿಯುತ್ತಿದ್ದಳು. ಅಣ್ಣನಿಗೆ ಅದನ್ನು ನೋಡಲಾಗಲಿಲ್ಲ.

“ಅವ್ವಾ, ಇನ್ನೊಂದು ಕೈ ಐತೆಲ್ಲ. ಅದರಲೇ ಕರಿ, ಅದರಾಗೇನೈತಿ,” ಎಂದು ಜೋರಾಗಿ ಹೇಳುತ್ತಾ, ಅವಳಿಗೆ ತಿಳಿಯಲೆಂದು ತನ್ನ ಎಡಗೈಯ ಕಿರುಬೆರಳನ್ನು ಎತ್ತಿ ನನ್ನ ಕಡೆಗೆ ಹಿಡಿದ.

ಅವ್ವ ಬ್ಯಾಂಡೇಜಿನ ಕೈಯಿಂದಲೇ ಅವನ ಕೈಗೆ ಹೊಡೆದಳು.

ಹೊಲಿಗೆ ಬಿಟ್ಟು ರಕ್ತ ಬಂತು. ಅವಳಿಗೆ ಅದರ ಅರಿವಿಲ್ಲ. ಅವನ ಬೆರಳನ್ನು ಹಿಡಿದು ಕೆಳಗೆ ಒತ್ತಿ, ನನ್ನ ತಲೆ ಮೈ ಎಲ್ಲ ಸವರಿ ದೃಷ್ಟಿ ತೆಗೆದಳು. ಅಣ್ಣನ ಮುಖ ಬಿಳಿಚಿಕೊಂಡಿತ್ತು. ಅವನೂ ಅದೇ ಭಾಷೆಯಲ್ಲಿ ಬೆಳೆದವನು. “ನೆನಪs ಆಗಲಿಲ್ಲ ರೇಣಿ,” ಎಂದ. ಆಮೇಲೆ ಮೂಲೆಯಲ್ಲಿ ಕೂತು ಚಿಕ್ಕ ಹುಡುಗನ ಹಾಗೆ ಅತ್ತ.

ಗಾಯ ಮಾಗಿದ ಮೇಲೆ ಅಕ್ಷತಾ ಫೋನು ಮಾಡಿದಳು. ಅವ್ವನ ಕಣಗಳನ್ನು ಬೆಳೆಸಿದ್ದೇನೆ, ಬೇಕಾದರೆ ಬಂದು ನೋಡಿ ಎಂದಳು. ನನಗೆ ಮನಸ್ಸಿರಲಿಲ್ಲ. ಪವಾಯಿ ಎಂದು ತಿಳಿದ ಕೂಡಲೇ ಅವ್ವ ಹೊರಟು ನಿಂತಳು. ರಿಕ್ಷಾದಲ್ಲಿ ಹೋಗುವಾಗ ಒಂದು ಎತ್ತರದ ಬಿಲ್ಡಿಂಗ್ ತೋರಿಸಿ, ಎಡಗೈಯ ಹೆಬ್ಬೆರಳು ಎತ್ತಿ, ಅದನ್ನು ಅಪ್ಪನೇ ಕಟ್ಟಿದ್ದು ಎಂದಳು. ಒಬ್ಬನೇ ಕಟ್ಟಿದ ಹಾಗೆ ಹೇಳುವುದು ಅವಳ ಅಭ್ಯಾಸ.

ಲ್ಯಾಬಿನಲ್ಲಿ ಅಕ್ಷತಾ ಎರಡು ಗಾಜಿನ ಬಟ್ಟಲು ತೋರಿಸಿದಳು. ಎರಡರಲ್ಲೂ ಕೊಲಾಜನ್ನಿನ ತೆಳು ಜೆಲ್ಲಿಯೊಳಗೆ ಅವ್ವನ ಕಣಗಳನ್ನು ಬಿಟ್ಟಿದ್ದಳಂತೆ. ಮೊದಲನೆಯದರಲ್ಲಿ ಜೆಲ್ಲಿ ಬಟ್ಟಲಿನ ಅಂಚು ಬಿಟ್ಟು ನಡುವಿಗೆ ಮುದುಡಿ ಗುಂಡಿಯಷ್ಟಾಗಿತ್ತು. ಯಾರೂ ಮುಟ್ಟಿಲ್ಲ, ಕಣಗಳೇ ಎಳೆದು ಹಾಗೆ ಮಾಡಿದವು ಎಂದಳು. ಎರಡನೆಯದಕ್ಕೆ ಆ ಸಂದೇಶವನ್ನು ತಡೆಯುವ ಒಂದು ಔಷಧಿ ಹಾಕಿದ್ದಳು. ಅದು ಅಷ್ಟು ಮುದುಡಿರಲಿಲ್ಲ. ಕೈಗೆ ಕೊಡುವಂಥ ಔಷಧಿಯಾಗಲು ಇನ್ನೂ ಬಹಳ ಕಾಲ ಬೇಕು, ಆಗದೆಯೂ ಇರಬಹುದು ಎಂದು ಅವಳೇ ಹೇಳಿದಳು. ನನಗೆ ಆ ಮೊದಲನೆಯ ಬಟ್ಟಲಿನಿಂದ ಕಣ್ಣು ಕೀಳಲಾಗಲಿಲ್ಲ. ಅವ್ವನ ಬೆರಳು ಹೋಗಿತ್ತು. ಅದನ್ನು ಮಡಚಿದ್ದು ಇಲ್ಲಿ ಇನ್ನೂ ಮಡಚುತ್ತಿತ್ತು.

ಇವು ಕೂಲಿಯವರ ಹಾಗೆ, ರಿಪೇರಿಗೆ ಬಂದವು, ಕೆಲಸ ಮುಗಿದರೂ ಹೋಗಲಿಲ್ಲ ಎಂದು ನಾನು ಅವ್ವನಿಗೆ ಸನ್ನೆ ಮಾಡಿದೆ. ಅವಳು ಬಗ್ಗಿ ಬಹಳ ಹೊತ್ತು ನೋಡಿದಳು. ಆಮೇಲೆ ಎರಡೂ ಕೈ ಜೋಡಿಸಿ ಚಾವಣಿ ಮಾಡಿ, ಅದನ್ನು ಬಿಡಿಸಿ, ಇಲ್ಲ ಎಂದು ತಲೆಯಾಡಿಸಿದಳು.

“ಆಂಟಿ ಕ್ಯಾ ಬೋಲ್ ರಹೀ ಹೈ?” ಎಂದಳು ಅಕ್ಷತಾ.

ಪಾಪ, ಹೋಗಲು ಮನೆಯಿಲ್ಲವೇನೋ ಎನ್ನುತ್ತಿದ್ದಾಳೆ ಎಂದೆ. ಬಿಲ್ಡಿಂಗ್ ಮುಗಿದ ಮೇಲೂ ಅಲ್ಲೇ ತಗಡಿನ ಗುಡಿಸಲಿನಲ್ಲಿ ಉಳಿದವರು ನಾವು. ಬಿಲ್ಡಿಂಗಿನವರು ಬಂದು ತಗಡು ಕಿತ್ತ ಮೇಲೆಯೇ ಗುಡ್ಡಕ್ಕೆ ಹೋದದ್ದು. ತನ್ನ ಬೆರಳು ತಿಂದವುಗಳ ಮೇಲೂ ಅವ್ವನಿಗೆ ಮರುಕ. ನನಗಿಲ್ಲ. ನಾನು ಅವುಗಳನ್ನು ಕ್ಷಮಿಸಿಲ್ಲ.

ಅಲ್ಲಿಂದ ಬಂದ ಮೇಲೆ ನನಗೊಂದು ಚಟ ಹತ್ತಿತು. ಬೆಳಿಗ್ಗೆ ಚಹಾಕ್ಕೆ ಇಟ್ಟು, ರೊಟ್ಟಿ ಬಡಿಯುವ ಹಲಗೆಯ ಮೇಲೆ ಅಂಗೈ ಮಟ್ಟಸವಾಗಿ ಇಟ್ಟು ನೋಡುವುದು. ಬಲಗೈ, ಎಡಗೈ. ಎಲ್ಲಾದರೂ ಎದ್ದಿದೆಯಾ, ಎಲ್ಲಾದರೂ ಗಂಟಿದೆಯಾ. ಅವ್ವನಿಗೆ ಕಾಣದ ಹಾಗೆ ಬೆನ್ನು ತಿರುಗಿಸಿ ಮಾಡುತ್ತಿದ್ದೆ. ಒಂದು ದಿನ ಸಿಕ್ಕಿಬಿದ್ದೆ. ಹಿಂದೆಯೇ ನಿಂತಿದ್ದಳು.

ನಾನು ಕೈ ತೆಗೆಯಹೋದೆ. ಅವಳು ಬಿಡಲಿಲ್ಲ. ನನ್ನ ಬಲಗೈಯನ್ನು ಹಲಗೆಯ ಮೇಲೆ ಒತ್ತಿ ಹಿಡಿದು ಚಪ್ಪಟೆಯಾಗಿದೆಯೇ ನೋಡಿದಳು. ಆಮೇಲೆ ತಿರುಗಿಸಿ, ಹೆಬ್ಬೆರಳಿನಿಂದ ನನ್ನ ಅಂಗೈಯನ್ನು ಇಂಚಿಂಚಾಗಿ ಒತ್ತಿ ಹುಡುಕಿದಳು. ಉಂಗುರದ ಬೆರಳಿನ ಬುಡದಲ್ಲಿ ಮತ್ತೆ ಮತ್ತೆ ಹುಡುಕಿದಳು. ಏನೂ ಸಿಗಲಿಲ್ಲ. ಆಗ ಅವಳು ನನ್ನ ಬೆರಳುಗಳನ್ನು ಒಂದೊಂದಾಗಿ ಮಡಚಿದಳು. ಕಿರುಬೆರಳು ಒಂದನ್ನು ಬಿಟ್ಟಳು. ಅದನ್ನು ಬುಡದಲ್ಲಿ ಹಿಡಿದು ಎತ್ತಿ, ನನ್ನ ಮುಖದ ಮುಂದೆ ನಿಲ್ಲಿಸಿದಳು.

ಆಸ್ಪತ್ರೆಗೆ ಹೋದ ಮೇಲೆ ಮೊದಲ ಸಲ ಅವ್ವ ನನ್ನನ್ನು ಕರೆದಳು. ಚಹಾ ಉಕ್ಕಿ ಒಲೆಯೆಲ್ಲ ಹರಿಯಿತು. ಇಬ್ಬರೂ ಅದನ್ನು ಒರೆಸಲಿಲ್ಲ.

ಈಗ ಮನೆಯೊಳಗೆ ಹಾಗೇ ನಡೆಯುತ್ತಿದೆ. ನನ್ನ ಹೆಸರು ಹೇಳಬೇಕಾದಾಗ ಹತ್ತಿರ ಬಂದು ನನ್ನ ಕೈ ತೆಗೆದುಕೊಳ್ಳುತ್ತಾಳೆ. ಅವಳ ಉಳಿದ ನಾಲ್ಕು ಬೆರಳು ಚೆನ್ನಾಗಿ ಬಿಚ್ಚುತ್ತವೆ, ಸಾಕು ಎನ್ನುವುದು ಮತ್ತೆ ಸಾಕು ಎಂದೇ ಕಾಣುತ್ತದೆ, ಬೈಗುಳಕ್ಕೂ ಕೊರತೆಯಿಲ್ಲ. ಅಷ್ಟಾದರೂ ಮರಳಿ ಕೊಟ್ಟ ಡಾಕ್ಟರಿಗೆ ನಾನು ಕೈಮುಗಿದು ಬಂದಿದ್ದೇನೆ. ನನ್ನ ಕೈ ಚಪ್ಪಟೆಯಾಗಿ ಇರುವವರೆಗೆ ನನ್ನ ಹೆಸರು ಇದೆ. ಹಲಗೆಯ ಮೇಲೆ ಅಂಗೈ ಇಡುವುದನ್ನು ಈಗಲೂ ಬಿಟ್ಟಿಲ್ಲ.

ದೂರದಿಂದ ಕರೆಯುವುದು ಮಾತ್ರ ಹೋಯಿತು. ಸಂಜೆ ಮೆಟ್ಟಿಲ ಬುಡದಲ್ಲಿ ನಿಂತು ತಲೆ ಎತ್ತಿದರೆ ಅವ್ವ ಬಾಗಿಲಲ್ಲಿ ಇರುತ್ತಾಳೆ. ಮೊದಲಿನ ಹಾಗೇ ಬಲಗೈ ಎತ್ತುತ್ತಾಳೆ, ಅರ್ಧಕ್ಕೆ ನೆನಪಾಗಿ ಸೆರಗಿನೊಳಗೆ ಇಳಿಸಿಕೊಳ್ಳುತ್ತಾಳೆ. ಆಗ ನಾನು ಬ್ಯಾಗನ್ನು ಎಡಗೈಗೆ ಬದಲಿಸಿ, ನನ್ನ ಕಿರುಬೆರಳನ್ನು ಅವಳಿಗೆ ಕಾಣುವಷ್ಟು ಎತ್ತರಕ್ಕೆ ಎತ್ತುತ್ತೇನೆ. ಅವಳು ಅದನ್ನು ನೋಡಿ ತಲೆಯಾಡಿಸುವವರೆಗೂ ಕೆಳಗಿಳಿಸುವುದಿಲ್ಲ. ಆಮೇಲೆ ಹತ್ತುತ್ತೇನೆ.